ಮರುಭೂಮಿಗೆ ಹೊರಟ ತಂಬಿಗೆ

ಗೆಳೆಯರೇ, ಇವತ್ತು ಕೆನಡಾದ ನಮ್ಮ ಬ್ರ್ಯಾಂಪ್ಟನ್ ಮನೆಯಲ್ಲಿ ಒಂದು ಹಿತ್ತಾಳೆ ತಂಬಿಗೆಗಾಗಿ ಯುದ್ಧವೇ ನಡೆಯಿತು.

ಮಗಳು ಸಹನಾ ಯೂನಿವರ್ಸಿಟಿಯ ಪುರಾತತ್ವ ಕ್ಲಬ್ಬಿನವರೊಂದಿಗೆ ಅಮೆರಿಕದ ಮರುಭೂಮಿಗೆ ಹೊರಟಿದ್ದಳು. ಬಂಡೆಯ ಮೇಲಿನ ಹಳೆಯ ಚಿತ್ರ, ಪಾಳುಬಿದ್ದ ಊರು ನೋಡುತ್ತ ಟೆಂಟಿನಲ್ಲಿ ಮಲಗುವ ಪ್ರವಾಸ. ಅವಳ ಬ್ಯಾಗಿನಲ್ಲಿ ಪುಟ್ಟ ಸಲಿಕೆಯೊಂದನ್ನು ಕಂಡು, ಧಾರವಾಡದಿಂದ ಬಂದಿರುವ ನಮ್ಮವ್ವ ಕೇಳಿದಳು: "ಇದರ್ಲೆ ಏನ್ ಅಗಿತೀ? ಬಂಗಾರ ಸಿಗತೈತೇನು?"

"ಅಜ್ಜಿ, ಅಲ್ಲಿ ವಾಶ್‌ರೂಮ್ ಇರಂಗಿಲ್ಲ. ಗುಂಡಿ ತೋಡಿ..." ಮಗಳು ಅಲ್ಲಿಗೇ ನಿಲ್ಲಿಸಿದಳು.

ಅವ್ವ ಬಿದ್ದು ಬಿದ್ದು ನಕ್ಕಳು. "ಬಯಲಿಗೆ ಹೋಗಾಕ ವಿಮಾನ ಹತ್ತಬೇಕಾ? ನಾವು ನಡಕೋತನ ಹೋಗತಿದ್ವಿ!" ಎಂದವಳೇ, ಇಲ್ಲಿನ ಬಾತ್‌ರೂಮಿಗೆಂದು ಊರಿಂದ ತಂದಿದ್ದ ತನ್ನ ತಂಬಿಗೆಯನ್ನು ಬ್ಯಾಗಿಗೆ ತುರುಕಿದಳು.

"ನೋ ವೇ! ಎಲ್ಲಾರೂ ನಗ್ತಾರ!" ಮಗಳು ಹೊರಗೆ ತೆಗೆದಳು. ಅವ್ವ ಮತ್ತೆ ತುರುಕಿದಳು.

"ಅವರೆಲ್ಲ ಟಾಯ್ಲೆಟ್ ಪೇಪರ್ ಒಯ್ತಾರವ್ವಾ" ಎಂದು ನಾನು ನಡುವೆ ಬಾಯಿ ಹಾಕಿದೆ.

"ಏನ್ ಕಲಿಸೀಯೋ ಮಗಳಿಗೆ?" ಎಂದು ಅವ್ವ ನನ್ನ ಮೇಲೇ ತಿರುಗಿಬಿದ್ದಳು.

ಕೊನೆಗೆ ತಂಬಿಗೆ ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಉಳಿಯಿತು. ಅವ್ವ ಮುಖ ಊದಿಸಿಕೊಂಡು ಟಿವಿ ಮುಂದೆ ಕುಳಿತಳು.

ಮಗಳನ್ನು ಏರ್‌ಪೋರ್ಟಿಗೆ ಬಿಟ್ಟು ಬಂದು ನೋಡಿದರೆ ತಂಬಿಗೆ ಅಲ್ಲಿಲ್ಲ. ಅವ್ವ ಮುಟ್ಟಿಲ್ಲವಂತೆ. ಮಗಳಿಗೆ ಮೆಸೇಜ್ ಹಾಕಿದೆ. ಉತ್ತರ ಬಂತು: "ಡೋಂಟ್ ಟೆಲ್ ಅಜ್ಜಿ."

ಪುರಾತತ್ವದವರು ಹಳೆಯ ಪಾತ್ರೆ ಹುಡುಕಿಕೊಂಡು ಮರುಭೂಮಿಗೆ ಹೋಗುತ್ತಾರೆಂದು ಕೇಳಿದ್ದೆ. ನಮ್ಮವಳು ಮನೆಯಿಂದಲೇ ಒಯ್ದಿದ್ದಾಳೆ.