ಉದ್ದವ್ವನ ಎಣಿಕೆ

ಉದ್ದವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಪ್ಪತ್ತರವರೆಗೆ ಎಣಿಸಿ, ಒಂದು ಬೆರಳು ಮಡಚಿ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಹಾಗೆ ಎಣಿಸಿಯೇ ಸುಗ್ಗಿಯಲ್ಲಿ ಜೋಳದ ಸಿವುಡುಗಳ, ಎಂದರೆ ಕೊಯ್ದು ಕಟ್ಟಿದ ಕಂತೆಗಳ, ಲೆಕ್ಕ ಹಿಡಿಯುತ್ತಿದ್ದಳು. ನಮ್ಮ ಕಡೆ ಕೊಯ್ಲಿಗೆ ಬಂದ ಹೆಂಗಸರಿಗೆ ಕೂಲಿ ಎಂದರೆ ಸಿವುಡೇ. ಹೊಲದ ಒಡೆಯನೂ ನಂಬಬೇಕು, ಕೂಲಿಯವರೂ ನಂಬಬೇಕು, ಅಂಥವರೇ ಎಣಿಸಬೇಕು. ಮಮದಾಪುರದಿಂದ ಸೊಸೆಯಾಗಿ ನಮ್ಮೂರಿಗೆ ಬಂದ ಎರಡನೇ ವರ್ಷದಿಂದಲೇ ಆ ಕೆಲಸ ಉದ್ದವ್ವನದಾಗಿತ್ತು. ಅವಳ ಲೆಕ್ಕದಲ್ಲಿ ಒಂದು ಸಿವುಡು ಹೆಚ್ಚುಕಡಿಮೆಯಾದದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಆ ಹೆಸರನ್ನು ಕೆಡಿಸಿದವನು ನಾನು, ಮ್ಯಾಟ್ರಿಕ್ ಪಾಸಾದ ಪಾಯಪ್ಪ.

ಊರಿನ ಹೆಸರು ಹೇಳುವುದಿಲ್ಲ. ಹುಕ್ಕೇರಿ ತಾಲೂಕು, ಬೆಲ್ಲದ ಬಾಗೇವಾಡಿಯಿಂದ ನಡೆದುಕೊಂಡು ಬರಬಹುದಾದಷ್ಟು ದೂರ ಎಂದರೆ ಸಾಕು. ನಮ್ಮೂರ ಬೀಜದ ಸೊಸೈಟಿಯಲ್ಲಿ ನಾನು ೧೯೫೩ರಲ್ಲಿ ಕಾರಕೂನನಾಗಿ ಸೇರಿದೆ. ಉದ್ದವ್ವ ಗೋದಾಮಿನ ಆಳು. ಕಸ ಹೊಡೆಯುವುದು, ಬೀಜ ಹಸನು ಮಾಡುವುದು ಅವಳ ಕೆಲಸ. ಜೊತೆಗೆ ಇನ್ನೊಂದಿತ್ತು. ಹೊಸ ಚೀಲ ಬಂದಾಗ ನೂರು ಕಾಳು ತೆಗೆದು, ಒದ್ದೆ ಗೋಣಿ ತಟ್ಟಿನಲ್ಲಿ ಸುತ್ತಿಟ್ಟು, ಐದನೇ ದಿನ ಬಿಚ್ಚಿ ಎಷ್ಟು ಮೊಳೆತಿವೆ ಎಂದು ಎಣಿಸಬೇಕು. ಎಣಿಸಿದ್ದನ್ನು ಅವಳು ಮೂಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಿಡುತ್ತಿದ್ದಳು; ಇಪ್ಪತ್ತಕ್ಕೆ ಒಂದು ಉದ್ದ ಗೆರೆ, ಉಳಿದದ್ದಕ್ಕೆ ಗಿಡ್ಡ ಗೆರೆ. ಆಮೇಲೆ ಬಂದು ನನಗೆ ಹೇಳುವಳು. ನಾನು ರಜಿಸ್ಟರಿನಲ್ಲಿ ಬರೆದುಕೊಳ್ಳಬೇಕು.

ನನ್ನ ಅಕ್ಷರ ಮುತ್ತು ಪೋಣಿಸಿದಂತೆ. ತಾಲೂಕಿನಿಂದ ಬಂದವರೆಲ್ಲ ಅದನ್ನು ಹೊಗಳಿ, ಹೊಗಳಿ, ನನ್ನ ತಲೆ ತಿರುಗಿಸಿಟ್ಟಿದ್ದರು. ಐದು ದಿನ ಮೊಳಕೆಯ ಲೆಕ್ಕದ ಮನೆ ಖಾಲಿ ಬಿಟ್ಟರೆ ಪುಟ ಹಲ್ಲುದುರಿದ ಬಾಯಿಯಂತೆ ಕಾಣುತ್ತಿತ್ತು. ಅದಕ್ಕೆ ಚೀಲ ಬಂದ ದಿನವೇ ನನ್ನ ಮನಸ್ಸಿಗೆ ತೋಚಿದ ಅಂಕಿ ತುಂಬಿಬಿಡುತ್ತಿದ್ದೆ. ತೊಂಬತ್ತು, ತೊಂಬತ್ತೊಂದು, ತೊಂಬತ್ತೆರಡು. ಉದ್ದವ್ವ ಬಂದು ಹೇಳುವುದೂ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ನಡೆಯಿತು.

೧೯೫೫ರ ಹಿಂಗಾರಿ ಬಿತ್ತನೆಯ ಮುಂಚೆ ಹನ್ನೊಂದು ಚೀಲ ಬಿಳಿಜೋಳ ಬಂತು. ತೊಂಬತ್ತೊಂದು ಎಂದು ಬರೆದೆ. ಐದನೇ ದಿನ ಉದ್ದವ್ವ ಬಾಗಿಲಲ್ಲಿ ನಿಂತಳು.

“ಅಣ್ಣಾರ, ಈ ಹನ್ನೊಂದ ಚೀಲದ ಬೀಜ ಚಲೋ ಇಲ್ರಿ. ಎರಡ ಇಪ್ಪತ್ತರ ಮ್ಯಾಲ ಹದಿನಾಕ ಅಷ್ಟ ಮೊಳತಾವ.”

ಅಂದರೆ ನೂರಕ್ಕೆ ಐವತ್ತನಾಲ್ಕು. ನಾನು ರಜಿಸ್ಟರ್ ನೋಡಿದೆ. ತೊಂಬತ್ತೊಂದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ಸಹಿ ಮಾಡಬೇಕು. ಎರಡು ವರ್ಷದ ದಫ್ತರದಲ್ಲಿ ಒಂದೂ ಕಾಟು ಇರಲಿಲ್ಲ. ಯಾರೂ ನನಗೆ ಲಂಚ ಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಪುಟ ಕೆಡುತ್ತದೆ ಎಂಬ ಒಂದೇ ಕಾರಣ.

“ನೀ ಎಣಸೂದ ತಪ್ಪಿರಬೇಕು” ಎಂದೆ.

“ಮೂರ ಸಲ ಎಣಿಸೇನ್ರಿ.”

“ಹೋಗ, ಕಸಾ ಹೊಡಿ ಹೋಗ.”

ಅವಳು ಹೋದಳು. ಚೀಲಗಳು ರೈತರ ಮನೆಗೆ ಹೋದವು. ಬೀಜ ನೆಲಕ್ಕೆ ಬಿತ್ತು, ಅರ್ಧ ಹೊಲ ಬೋಳಾಗಿಯೇ ಉಳಿಯಿತು. ಮತ್ತೆ ಬಿತ್ತೋಣ ಎಂದರೆ ನೆಲದ ಹಸಿ ಆರಿತ್ತು. ಹದಿನೈದು ಮನೆಯವರು ಸೇರಿ ಅರ್ಜಿ ಬರೆದರು. ಧಾರವಾಡದಿಂದ ಒಬ್ಬ ಸಾಹೇಬರು ದಫ್ತರ ತಪಾಸಣೆಗೆ ಬರುತ್ತಾರೆ ಎಂದು ಪತ್ರ ಬಂತು.

ನಮ್ಮ ಚೇರ್ಮನ್ ತಾತ್ಯಾಸಾಹೇಬರು ಪತ್ರ ಓದಿ ಹೇಳಿದ್ದು ಒಂದೇ ಮಾತು: “ಗೋಡಿಗಿ ಸುಣ್ಣಾ ಹೊಡಸಪಾ.”

ಯಾರಾದರೂ ನೋಡಲು ಬರುತ್ತಾರೆ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದೇ ಸುಣ್ಣ. ಅವರಿಗೆ ಗೆರೆಗಳ ಸುದ್ದಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಸುಣ್ಣದ ಗಡಿಗೆಯನ್ನೂ ಕುಂಚವನ್ನೂ ನಾನೇ ತಂದು ಉದ್ದವ್ವನ ಕೈಗೆ ಕೊಟ್ಟೆ.

“ಗೆರಿ ಅಳಿಸಿ ಹೋಗ್ತಾವಲ್ರಿ ಅಣ್ಣಾರ” ಎಂದಳು.

“ಎಲ್ಲಾ ರಜಿಸ್ಟರಿನ್ಯಾಗ ಐತಿ” ಎಂದೆ.

ಅವಳು ನಂಬಿದಳು. ತನ್ನ ಎರಡು ವರ್ಷದ ಲೆಕ್ಕದ ಮೇಲೆ ತಾನೇ ಎರಡು ಕೈ ಸುಣ್ಣ ಬಳಿದಳು. ಗೋದಾಮು ಮದುವೆ ಮನೆಯಂತೆ ಬೆಳ್ಳಗಾಯಿತು. ಮೇಲೆ ಥಳುಕು, ಒಳಗೆ ಹುಳುಕು.

ಸಾಹೇಬರು ಒಳ್ಳೆಯವರೇ. ಪುಟದ ನಂಬರು ನೋಡಿದರು, ಮೊಹರು ನೋಡಿದರು, ಸಹಿ ನೋಡಿದರು. ನನ್ನ ಅಕ್ಷರ ಹೊಗಳಿದರು. ಚೀಲ ಬಂದದ್ದು ಸೋಮವಾರ, ಮೊಳಕೆ ಎಣಿಸಿದ್ದು ಅದೇ ಸೋಮವಾರ ಎಂದು ಒಂದೇ ಸಾಲಿನಲ್ಲಿ ಬರೆದಿತ್ತು. ಜೋಳ ಬಂದ ದಿನವೇ ಮೊಳೆಯುವುದಿಲ್ಲ ಎಂದು ಯಾವ ಕೂಸಿಗಾದರೂ ಗೊತ್ತು. ಅವರ ಬೆರಳು ಆ ಸಾಲಿನ ಮೇಲೆ ಬಂದು ನಿಂತಿತು. ಬೆರಳು ಮುಂದೆ ಹೋಯಿತು.

“ಮೊಳಕಿ ಎಣಸೋರು ಯಾರ್ರಿ?” ಎಂದರು.

“ಉದ್ದವ್ವ ಅಂತ ಆಳು ಅದಾಳ್ರಿ. ಆಕಿ ಹೇಳಿದ್ದ ನಾ ಬರ್ಕೋತೇನ್ರಿ.”

ಉದ್ದವ್ವನನ್ನು ಕರೆದರು. ಎಷ್ಟು ಹೇಳಿದ್ದೆ ಎಂದು ಕೇಳಿದರು. ಎರಡು ಇಪ್ಪತ್ತರ ಮೇಲೆ ಹದಿನಾಲ್ಕು ಎಂದು ಅವಳು ತಡವರಿಸದೆ ಹೇಳಿದಳು.

“ಎದರಾಗ ಬರದೈತಿ ಅದು?”

ಅವಳು ಮೂಲೆಯ ಗೋಡೆಯ ಕಡೆ ತಿರುಗಿದಳು. ಬಿಳಿ ಗೋಡೆ. ಆಮೇಲೆ ನನ್ನ ಕಡೆ ನೋಡಿದಳು. ನಾನು ರಜಿಸ್ಟರಿನ ಹಾಳೆ ತಿರುವುತ್ತಿದ್ದೆ. ಏನನ್ನೂ ಹುಡುಕುತ್ತಿರಲಿಲ್ಲ, ಸುಮ್ಮನೆ ತಿರುವುತ್ತಿದ್ದೆ.

ಓದುಬರಹ ಬಾರದ ಹೆಂಗಸು ಎಣಿಸುವುದರಿಂದ ತಪ್ಪಾಗಿದೆ, ಬೇರೆಯವರನ್ನು ನೇಮಿಸಬೇಕು ಎಂದು ಸಾಹೇಬರು ಷರಾ ಬರೆದು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಉದ್ದವ್ವನ ಕೆಲಸ ಹೋಯಿತು. ಅದು ಸಣ್ಣದು, ಕೂಲಿ ಎಲ್ಲಿಯಾದರೂ ಸಿಗುತ್ತದೆ. ಹೊಲ ಬೋಳಾದ ಹದಿನೈದು ಮನೆಯವರು “ಉದ್ದವ್ವನ ಎಣಿಕೆ” ಎಂದು ಗಾದೆ ಮಾಡಿಕೊಂಡರು. ಸಂತೆಯಲ್ಲಿ ಯಾರದಾದರೂ ಲೆಕ್ಕ ತಪ್ಪಿದರೆ ಆ ಮಾತು ಹೇಳಿ ನಗುತ್ತಿದ್ದರು. ಆ ಸುಗ್ಗಿಯಿಂದ ಸಿವುಡು ಎಣಿಸಲು ಅವಳ ಬದಲು ಸಾತವ್ವ ಎಂಬವಳನ್ನು ಕರೆಯತೊಡಗಿದರು.

ನಾನು ಸೆಕ್ರೆಟರಿಯಾದೆ. ಬೇರೆ ಸೊಸೈಟಿಗಳ ದಫ್ತರ ತಪಾಸಣೆಗೂ ನನ್ನನ್ನು ಕಳಿಸತೊಡಗಿದರು. ಹೋದಲ್ಲಿ ಎರಡು ತಾರೀಖು ಅಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಒಂದೂ ಕಾಟಿಲ್ಲದ ಪುಟ ಕಂಡರೆ ನಂಬುತ್ತಿರಲಿಲ್ಲ. ಬರೆದವನನ್ನು ಬಿಟ್ಟು, ಅಳೆದವರನ್ನು, ತೂಗಿದವರನ್ನು, ಎಣಿಸಿದವರನ್ನು ಕರೆಸಿ ಕೇಳುತ್ತಿದ್ದೆ. ಪುಸ್ತಕಕ್ಕೆ ಬರುವ ಮುಂಚೆ ಅಂಕಿ ಎಲ್ಲಿತ್ತು, ಚೀಟಿಯಲ್ಲೋ ಗೋಡೆಯಲ್ಲೋ, ಅದನ್ನು ತೋರಿಸಿ ಎನ್ನುತ್ತಿದ್ದೆ. ಪಾಯಪ್ಪನ ಕಣ್ಣು ತಪ್ಪಿಸಲಾಗದು ಎಂದು ಹುಕ್ಕೇರಿಯಿಂದ ಗೋಕಾಕದವರೆಗೆ ಹೆಸರಾಯಿತು. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ.

೧೯೬೩ರ ಸುಗ್ಗಿ. ನನ್ನದೇ ಹೊಲದಲ್ಲಿ ಕೊಯ್ಲು. ಸಾತವ್ವ ಸಿವುಡು ಎಣಿಸಿ ಮೂರು ಇಪ್ಪತ್ತರ ಮೇಲೆ ಹದಿನೇಳು ಎಂದಳು. ಸಿವುಡು ಕಟ್ಟುತ್ತಿದ್ದ ಉದ್ದವ್ವನ ತುಟಿ ಅಲುಗಿ ನಿಂತಿತು. ಅವಳು ಮಡಚಿದ ಬೆರಳು ನಾಲ್ಕು, ಅಂದರೆ ನಾಲ್ಕು ಇಪ್ಪತ್ತು. ನಾನೇ ಹೋಗಿ ಎಣಿಸಿದೆ. ಎಂಬತ್ತೊಂದು ಇದ್ದವು.

“ನಿನಗ ಗೊತ್ತಿತ್ತಲ್ಲ, ಯಾಕ ಹೇಳಲಿಲ್ಲ?” ಎಂದೆ.

“ನನ್ನ ಎಣಿಕಿ ಯಾರ ಒಪ್ತಾರ್ರಿ, ಅಣ್ಣಾರ?”

ಅವಳು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಬೇಕು ಅನ್ನಿಸಿತು. ಸಾತವ್ವ ನೀರಿಗೆ ಹೋದಾಗ ಅಲ್ಲೇ ಕೂತು ಎಲ್ಲ ಹೇಳಿದೆ. ತೊಂಬತ್ತೊಂದು ನಾನು ಬರೆದದ್ದು, ನಿನ್ನದು ಸರಿ ಇತ್ತು, ಸುಣ್ಣ ಬೇಕಂತಲೇ ಬಳಿಸಿದ್ದು.

ಅವಳು ಸಿವುಡಿನ ಗಂಟು ಬಿಗಿದಳು. “ಅದ ನನಗ ಅವತ್ತ ತಿಳೀತ್ರಿ. ನನ್ನ ಮುಂದ ಯಾಕ ಹೇಳ್ತೀರಿ? ನಾಕ ಮಂದ್ಯಾಗ ಹೇಳ್ರಿ.”

ಆ ಬೇಸಿಗೆಯ ವಾರ್ಷಿಕ ಸಭೆಯಲ್ಲಿ ಹೇಳಿದೆ. ಎದ್ದು ನಿಂತು, ತಪ್ಪು ನನ್ನದು, ಉದ್ದವ್ವನದಲ್ಲ ಎಂದೆ. ಮಂದಿ ಮುಖ ಮುಖ ನೋಡಿಕೊಂಡರು. ತಾತ್ಯಾಸಾಹೇಬರು ನಕ್ಕು ನನ್ನ ಬೆನ್ನು ತಟ್ಟಿದರು.

“ನೋಡ್ರಿ, ನಮ್ಮ ಪಾಯಪ್ಪಂದು ಎಂಥಾ ದೊಡ್ಡ ಮನಸ್ಸೈತಿ. ಒಬ್ಬ ಕೂಲಿಯಾಕಿ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ.”

ಚಪ್ಪಾಳೆ ಬಿತ್ತು. ಅಲ್ಲ, ಹಾಗಲ್ಲ ಎಂದು ನಾನು ಇನ್ನೊಮ್ಮೆ ಹೇಳಬೇಕಿತ್ತು. ಚಪ್ಪಾಳೆ ನಿಲ್ಲಲಿ ಎಂದು ಕಾದೆ. ಅದು ನಿಲ್ಲುವ ಹೊತ್ತಿಗೆ ನಾನು ಕೂತಿದ್ದೆ. ನಿಜ ಹೇಳಬೇಕೆಂದರೆ, ಆ ಚಪ್ಪಾಳೆ ಕಿವಿಗೆ ಹಿತವಾಗಿಯೂ ಇತ್ತು.

ಹೊರಗೆ ಕಟ್ಟೆಯ ಕೆಳಗೆ ಉದ್ದವ್ವ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಒಳಗಿನ ಮಾತು ಅಲ್ಲಿಗೆ ಕೇಳಿಸುವುದಿಲ್ಲ, ಚಪ್ಪಾಳೆ ಕೇಳಿಸಿರಬೇಕು.

“ಹೇಳಿದ್ರಿ?”

“ಹೇಳೇನಿ.”

“ಬುಕ್ಕಿನ್ಯಾಗ ಬರದ್ರಿ?”

“ಇಲ್ಲ” ಎಂದೆ.

“ಸಭಾದ ಬುಕ್ಕ ಬರಿಯಾವರು ಯಾರ್ರಿ?”

“ನಾನ.”

ಅವಳು ಬಗ್ಗಿ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು.

“ಹಂಗಾರ ನೀವು ಇನ್ನೂ ಹೇಳೇ ಇಲ್ಲ ತಗೋರಿ” ಎಂದು ಹೇಳಿ ಮನೆಯ ಕಡೆ ನಡೆದಳು.