ತಂಗಿಯ ಮದುವೆಗೆ ಕೊಟ್ಟ ದಾಖಲೆ

ತಂಗಿ ನನ್ನಿಂದ ಕೇಳಿದ್ದು ಒಂದು ಸಹಿ. ಮೂರು ಸಲ ಮನೆಗೆ ಬಂದು ಕೇಳಿದಳು. ಮೂರು ಸಲವೂ ನಾನು ಹಾಕಲಿಲ್ಲ.

ಅವಳು ಧಾರವಾಡದ ಒಂದು ಸಣ್ಣ ಮಹಿಳಾ ಸಂಸ್ಥೆಯಲ್ಲಿದ್ದಾಳೆ. ಅಲ್ಲಿನ ಕೆಲಸ ಏನೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ನಾನು ಓದಿದ್ದು ಏಳನೇ ಇಯತ್ತೆ. ದೇಶಪಾಂಡೆ ನಗರದ ಒಂದು ಖಾನಾವಳಿಗೆ ಮನೆಯಲ್ಲೇ ರೊಟ್ಟಿ ಬಡಿದು ಕೊಡುತ್ತೇನೆ. ನನಗೆ ತಿಳಿದ ಮಟ್ಟಿಗೆ ಅದು ಹೀಗೆ. ಕೆಲವು ವರ್ಷಗಳಿಗೊಮ್ಮೆ ಜಿನೀವಾದಲ್ಲಿ ಬೇರೆ ದೇಶದವರು ಕೂತು, ನಿಮ್ಮಲ್ಲಿ ಜನರ ಹಕ್ಕುಗಳು ಹೇಗಿವೆ ಎಂದು ನಮ್ಮ ಸರ್ಕಾರವನ್ನು ಕೇಳುತ್ತಾರೆ, ಸಲಹೆ ಕೊಡುತ್ತಾರೆ. ಸರ್ಕಾರ ಕೆಲವನ್ನು ಒಪ್ಪಿಕೊಂಡು ಬರುತ್ತದೆ. ಒಪ್ಪಿದ್ದು ನಮ್ಮ ಓಣಿಗಳಲ್ಲಿ ನಡೆದಿದೆಯೋ ಇಲ್ಲವೋ ಎಂದು ತಿರುಗಿ ನೋಡಿ, ಮುಂದಿನ ಸಲ ಕೇಳುವವರ ಕೈಗೆ ವರದಿ ಮುಟ್ಟಿಸುವುದು ತಂಗಿಯಂಥವರ ಕೆಲಸ. ಅವಳ ಪಾಲಿಗೆ ಬಂದದ್ದು ಬಾಲ್ಯವಿವಾಹ.

"ಅಷ್ಟ ದೂರ ಕುಂತವ್ರಿಗೆ ನಮ್ಮ ಓಣ್ಯಾಗಿನ ಮದವಿ ಚಿಂತಿ ಯಾಕವಾ?" ಎಂದು ನಾನೊಮ್ಮೆ ನಕ್ಕಿದ್ದೆ.

"ಬಾಜೂ ಮನಿಯವ್ರು ಕೇಳಿದ್ರ ದೂರದವ್ರು ಯಾಕ ಕೇಳ್ತಿದ್ರು?" ಅಂದಳು.

ಅವಳ ಮದುವೆಯಾದಾಗ ಅವಳಿಗೆ ಹದಿನೈದು, ಒಂಬತ್ತನೇ ಇಯತ್ತೆಯಲ್ಲಿದ್ದಳು. ವರ ನಮ್ಮ ಸೋದರಮಾವ, ಅವ್ವನ ಸ್ವಂತ ತಮ್ಮ. ಹಾಸಿಗೆ ಹಿಡಿದಿದ್ದ ಅಜ್ಜಿ ತನ್ನ ಕಣ್ಣೆದುರಿಗೇ ಆಗಲಿ ಎಂದು ಹಟ ಮಾಡಿದ್ದಳು. ಅರಿಸಿನ ಹಚ್ಚುವ ದಿನ ಯಾರೋ ದೂರು ಕೊಟ್ಟರು. ಅಧಿಕಾರಿಗಳು ಬಂದು, ಹುಡುಗಿಯ ವಯಸ್ಸಿನ ದಾಖಲೆ ತೋರಿಸಿ ಎಂದರು. ನಮ್ಮ ಮನೆಯಿಂದ ಅವರ ಕೈಗೆ ಹೋದದ್ದು ನನ್ನ ಶಾಲೆ ಬಿಟ್ಟ ದಾಖಲೆ. ನನಗಾಗ ಹತ್ತೊಂಬತ್ತು, ಮದುವೆಯಾಗಿ ಒಂದು ವರ್ಷ. ಮನೆಯಲ್ಲಿ ಕರೆಯುವ ಹೆಸರು ಬೇರೆ, ಶಾಲೆಯ ಹೆಸರು ಬೇರೆ ಇರುವುದು ನಮ್ಮ ಕಡೆ ಸಾಮಾನ್ಯ. ಇದು ಇವಳ ಸಾಲಿ ಹೆಸರು ಎಂದದ್ದನ್ನು ಅವರು ನಂಬಿದರು. ರವಿವಾರ, ಶಾಲೆಗೆ ಹೋಗಿ ವಿಚಾರಿಸುವಂತಿರಲಿಲ್ಲ. ವಧುವಿಗೆ ಹತ್ತೊಂಬತ್ತು ಎಂದು ಬರೆದುಕೊಂಡು ಹೋದರು.

ಹದಿನಾರಕ್ಕೆ ತಂಗಿ ಬಸುರಾದಳು. ಕೂಸು ಹುಟ್ಟಿದ ಎರಡನೇ ದಿನ ಹೋಯಿತು. ಆಮೇಲೆ ಮತ್ತೆ ಬಸುರು ನಿಲ್ಲಲಿಲ್ಲ. ಮಾವ ಇನ್ನೊಂದು ಮದುವೆ ಮಾಡಿಕೊಂಡಾಗ ಅವಳು ತವರಿಗೆ ಬರದೆ ನೇರ ಧಾರವಾಡಕ್ಕೆ ಹೋದಳು, ಅವರಿವರ ಮನೆ ಕೆಲಸ ಮಾಡುತ್ತ ಹತ್ತನೆಯ ಪರೀಕ್ಷೆ ಕಟ್ಟಿ ಪಾಸಾದಳು. ಅವ್ವನ ಜೊತೆ ಮಾತು ಬಿಟ್ಟಳು. ಆ ದಾಖಲೆಯನ್ನು ಪೆಟ್ಟಿಗೆಯಿಂದ ತೆಗೆದು ಕೊಟ್ಟವಳು ಅವ್ವನೇ ಎಂದು ಅವಳ ನಂಬಿಕೆ. ಅಧಿಕಾರಿಗಳು ಬಂದಾಗ ಅವಳನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು, ಏನೂ ಕಂಡಿರಲಿಲ್ಲ.

ಅವ್ವ ಆಸ್ಪತ್ರೆಯಲ್ಲಿದ್ದಾಗ ಬಾಗಿಲು ಸಪ್ಪಳವಾದಾಗಲೆಲ್ಲ "ಸಣ್ಣಾಕಿ ಬಂದ್ಳೇನ?" ಎಂದು ಕೇಳುತ್ತಿದ್ದಳು. ಸಣ್ಣಾಕಿ ಬಂದದ್ದು ಹೆಣ ಎತ್ತುವ ಹೊತ್ತಿಗೆ. ಅಂಗಳದಲ್ಲೇ ನಿಂತು ಹೋದಳು.

ಅದಾಗಿ ಎರಡು ವರ್ಷಕ್ಕೆ, ವರದಿಗೆಂದು ತನ್ನ ಮದುವೆಯ ಬಗ್ಗೆ ಬರೆದ ಹೇಳಿಕೆಯ ಕಾಗದ ಹಿಡಿದು ನನ್ನ ಮನೆಗೆ ಬಂದಳು. ನಾನು ಒಲೆಯ ಮುಂದಿದ್ದೆ. ಮಗ್ಗುಲಲ್ಲಿ ಕೂತು ಓದಿ ಹೇಳಿದಳು.

"ಊರ ಮಂದೀದೆಲ್ಲಾ ಬರದೇನಿ ಅಕ್ಕಾ. ನಂದ ಬಿಟ್ರ ನಾ ಎಂಥಾಕಿ? ಆದ್ರ ನಾನ ಹೇಳಿದ್ರ ಸಾಲೂದಿಲ್ಲ. ಆವತ್ತು ಮನ್ಯಾಗ ಇದ್ದವ್ರು ಒಬ್ಬರು ಹೌದು ಅನಬೇಕು. ಯಾರ ಹೆಸರೂ ಹೊರಗ ಬರೂದಿಲ್ಲ."

ದಾಖಲೆ ಯಾರು ಕೊಟ್ಟರು ಎಂಬಲ್ಲಿ ಅವಳೇ 'ತಾಯಿ' ಎಂದು ಬರೆದಿದ್ದಳು. ಅಷ್ಟು ಓದಲು ನನಗೆ ಬರುತ್ತದೆ.

"ಕೈ ಹಿಟ್ಟಾಗೇದ. ನಾಳೆ ಬಾ," ಎಂದೆ. ಮುಂದಿನ ಸಲ ಮನೆಯವರನ್ನು ಕೇಳಬೇಕು ಎಂದೆ. ಮೂರನೆಯ ಸಲ, "ಮಾವಗ ಗೊತ್ತಾದ್ರ ಸುಮ್ನ ಬಿಡ್ತಾನೇನ?" ಎಂದೆ. ಮೂರೂ ನೆಪ.

ದಾಖಲೆ ತಂದು ಕೊಟ್ಟವಳು ನಾನು. ಅವ್ವ ಆ ದಿನ ಹಿತ್ತಲಲ್ಲಿ, ಅಧಿಕಾರಿಗಳಿಗೆ ಕೇಳದಂತೆ, ಹಿರಿಯರಿಗೆ ಕೈಮುಗಿದು, "ಬ್ಯಾಡ ಬಿಡ್ರಿ, ಅಕಿ ಸಾಲಿ ಮುಗೀಲಿ, ನಿಲ್ಲಸೂಣು," ಎಂದಿದ್ದಳು. ಯಾರೂ ನನ್ನನ್ನು ಕಳಿಸಲಿಲ್ಲ. ನಾನೇ ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ನನ್ನನ್ನು ಏಳನೆಯದಕ್ಕೆ ಬಿಡಿಸಿದಾಗ ಯಾವ ಅಧಿಕಾರಿಯೂ ಬಂದು ನಮ್ಮ ಬಾಗಿಲಲ್ಲಿ ನಿಂತಿರಲಿಲ್ಲ. ಅವಳಿಗಾಗಿ ಜೀಪು ಬಂದಿತ್ತು. ಅದನ್ನು ನನಗೆ ಸಹಿಸಲಾಗಲಿಲ್ಲ. ಇದಕ್ಕಿಂತ ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ತಂಗಿ ಮಾತು ಬಿಟ್ಟ ಮೇಲೂ ಅವ್ವ ನನ್ನ ಹೆಸರು ಹೇಳಲಿಲ್ಲ. ಒಬ್ಬಳು ಹೋದಳು, ಇನ್ನೊಬ್ಬಳಾದರೂ ಉಳಿಯಲಿ ಎಂದುಕೊಂಡಿರಬೇಕು.

ಸಹಿ ಹಾಕಿದರೆ ಸತ್ತ ಅವ್ವನ ಮೇಲೆ ನಾನೇ ಸುಳ್ಳು ಹೊರಿಸಿದಂತೆ. 'ತಾಯಿ' ಎಂಬುದನ್ನು ಹೊಡೆದು ಹಾಕಿಸಿದರೆ ತಂಗಿ ನನ್ನನ್ನೂ ಬಿಟ್ಟು ಹೋಗುತ್ತಾಳೆ. ನಾನು ಎರಡನ್ನೂ ಮಾಡಲಿಲ್ಲ. ವರದಿ ಕಳಿಸುವ ಗಡುವು ಮುಗಿಯಿತು.

ಅದರ ಕನ್ನಡ ಪ್ರತಿಯನ್ನು ಅವಳೇ ತಂದುಕೊಟ್ಟಳು.

"ನಂದು ತಗದೆ," ಅಂದಳು. "ಕಾಗದದಾಗ ಹತ್ತೊಂಬತ್ತರಾಕಿ, ಬಾಲ್ಯವಿವಾಹದಾಗ ಹ್ಯಾಂಗ ಕೂಡ್ರಾಕ ಬರ್ತದ?" ನಗಲು ನೋಡಿದಳು, ಆಗಲಿಲ್ಲ. "ಮುಂದಿನ ಸರತಿ ಬರೂತನಕ ಇನ್ನ ನಾಕೈದು ವರ್ಷ. ಇರ್ಲಿ ಬಿಡಕ್ಕಾ. ಸತ್ತಾಕಿ ವಿರುದ್ಧ ಸಹಿ ಮಾಡೂದು ನಿನಗ ಆಗಲಿಲ್ಲ. ನನಗೂ ತಿಳೀತದ."

ನನ್ನನ್ನು ಒಳ್ಳೆಯವಳು ಎಂದುಕೊಂಡು ಹೋದಳು. ಎಂಟು ದಿನ ಆ ಪ್ರತಿಯನ್ನು ಬೆರಳಿಟ್ಟು ಓದಿದೆ. ಹೆಸರಿಲ್ಲದ ಹುಡುಗಿಯರು, ಅವರ ಅಕ್ಕಂದಿರು, ನೆರೆಯವರು. ಹೇಳಿದವರೆಲ್ಲ ನನ್ನಂಥವರೇ.

ಒಂಬತ್ತನೆಯ ದಿನ ಖಾನಾವಳಿಗೆ ರೊಟ್ಟಿ ಮುಟ್ಟಿಸಿ, ನವನಗರದಲ್ಲಿ ಅವಳಿರುವ ಬಾಡಿಗೆ ಕೋಣೆಗೆ ಹೋದೆ. ಚಹಾ ಇಡಲು ಎದ್ದಳು. ಬೇಡ, ಕೂಡು ಎಂದೆ. ಅವಳ ಮುಖ ನೋಡಲು ಧೈರ್ಯ ಸಾಲದೆ ನೆಲ ನೋಡುತ್ತ ಹೇಳಿದೆ.

"ಅವ್ವ ಬ್ಯಾಡ ಅಂದಿದ್ಲು ತಂಗಿ. ದಾಖಲೆ ತಂದು ಕೊಟ್ಟಾಕಿ ನಾನು. ನೀ ಸಾಲಿಗೆ ಹೋಗೂದು ನನಗ ನೋಡಾಕ ಆಗಲಿಲ್ಲ. ಅವ್ವನ್ನೂ ನಿನ್ನಿಂದ ದೂರ ಮಾಡಿದೆ. ನಂದು ತಪ್ಪಾತು. ತಪ್ಪಾತು ತಂಗಿ."