ನುಚ್ಚಿನ ಮನೆಯ ಸನ್ಮಾನ

ನಮ್ಮ ಅಬ್ಬಾನಿಗೆ ರಾಯಚೂರಿನಲ್ಲಿ ಶಾಲು ಹೊದಿಸಿ, ಹಾರ ಹಾಕಿ, ‘ಅನ್ನದಾತ’ ಎಂದು ಮೈಕಿನಲ್ಲಿ ಕೂಗಿದ ದಿನ ಮಾನ್ವಿಯ ನಮ್ಮ ಮನೆಯಲ್ಲಿ ಒಂದು ಹಿಡಿ ಇಡೀ ಅಕ್ಕಿ ಇರಲಿಲ್ಲ. ಅದೂ ಅಕ್ಕಿ ಗಿರಣಿಯ ಮಾಲೀಕರ ಮನೆ. ಈಗ ಹೇಳಿದರೆ ಜನ ನಗುತ್ತಾರೆ. ನನಗೂ ನಗು ಬರುತ್ತದೆ, ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ. ಇಷ್ಟು ವಯಸ್ಸಾದರೂ ಆ ಸಿಟ್ಟು ಹೋಗಿಲ್ಲ, ಹೋಗಲಿ ಎಂದು ನಾನೂ ಬಯಸಿಲ್ಲ.

ಎಪ್ಪತ್ತರ ದಶಕದ ಮಾನ್ವಿ ನನಗೆ ಮೊದಲು ನೆನಪಾಗುವುದು ವಾಸನೆಯಿಂದ. ಕಾಲುವೆಯ ನೀರು ಬಂದು ಊರ ಸುತ್ತ ಗದ್ದೆ ಎದ್ದಿದ್ದವು. ಬೆಳಗಿನ ಹೊತ್ತು ಗಿರಣಿಯಲ್ಲಿ ಭತ್ತ ಕುದಿಸುವ ಬಿಸಿ ಹಬೆ ನಮ್ಮ ಅಂಗಳದವರೆಗೂ ಬರುತ್ತಿತ್ತು. ಕಣದ ತುಂಬ ಭತ್ತ ಹರವಿ ಹೆಂಗಸರು ಕಾಲಲ್ಲೇ ಸಾಲು ಹಾಕುತ್ತ ನಡೆಯುತ್ತಿದ್ದರು. ಮೂಲೆಯಲ್ಲಿ ಹೊಟ್ಟಿನ ಗುಡ್ಡ. ಗಿರಣಿಯ ಬೆಲ್ಟು ಪಟಪಟ ಎಂದು ಹೊಡೆದುಕೊಳ್ಳುವ ಸದ್ದು ನಿಂತರೆ ಮನೆಯಲ್ಲಿ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದೆವು, ಯಾರೋ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದ ಹಾಗೆ ಅನಿಸುತ್ತಿತ್ತು. ಆ ಸದ್ದು ಈಗಲೂ ಒಮ್ಮೆ ಕೇಳಬೇಕೆನಿಸುತ್ತದೆ.

ಗಿರಣಿ ಕಟ್ಟಿದವರು ನನ್ನ ದಾದಾ, ಅಂದರೆ ಅಬ್ಬಾನ ತಂದೆ. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದವರು, ಮಾನ್ವಿಗೆ ಬಂದು ಚಿಕ್ಕ ಯಂತ್ರ ಹಾಕಿ, ಅದನ್ನೇ ಬೆಳೆಸಿದರು. ಅವರು ಮನೆಗೊಂದು ಕಟ್ಟಳೆ ಮಾಡಿದ್ದರು: ಇಡೀ ಕಾಳು ಗಿರಾಕಿಯದು, ನುಚ್ಚು ಮನೆಯದು. ಯಂತ್ರದಲ್ಲಿ ಮುರಿದು, ಜಾಲರಿಯಿಂದ ಕೆಳಗೆ ಬಿದ್ದ ಚೂರಕ್ಕಿಯೇ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಈದ್ ದಿನ ಮಾತ್ರ ಬಿರಿಯಾನಿಗೆಂದು ಇಡೀ ಅಕ್ಕಿ ಬರುತ್ತಿತ್ತು, ಅದೂ ಅಳೆದು. ದಾದಾ ತೀರಿಕೊಂಡರೂ ಕಟ್ಟಳೆ ತೀರಿಕೊಳ್ಳಲಿಲ್ಲ. ಅಬ್ಬಾ ಅದನ್ನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದರು.

ಅಮ್ಮಿ ರಾಯಚೂರಿನ ಬಟ್ಟೆ ವ್ಯಾಪಾರಿಯ ಮಗಳು. ಗಿರಣಿಯವರ ಮನೆಗೆ ಕೊಟ್ಟರೆ ಮಗಳು ಮಲ್ಲಿಗೆಯಂಥ ಅನ್ನ ಉಣ್ಣುತ್ತಾಳೆ ಎಂದು ಅವಳ ತಾಯಿ, ನನ್ನ ನಾನಿ, ಖುಷಿಪಟ್ಟಿದ್ದರಂತೆ. ಮದುವೆಯಾದ ಮೇಲೆ ಮೊದಲ ಸಲ ಮಗಳನ್ನು ನೋಡಲು ಬಂದಾಗ ಅಮ್ಮಿ ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ಕೂತು ನುಚ್ಚು ಉಣ್ಣುತ್ತಿದ್ದಳು. ನಾನಿ ತಾಟಿನ ಕಡೆ ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡು ಬಸ್ಸು ಹತ್ತಿದರು. ಆಮೇಲೆ ಅಮ್ಮಿಯ ಅಣ್ಣ, ನನ್ನ ಮಾಮು, ಒಂದು ಚೀಲ ಸಣ್ಣಕ್ಕಿ ತಂದು ಬಾಗಿಲಲ್ಲಿ ಇಳಿಸಿದರು. ಗಿರಣಿಯವರ ಮನೆಗೆ ಅಕ್ಕಿ! ದಾದಾ ಅದನ್ನು ಅವರ ಕೈಯಲ್ಲೇ ವಾಪಸು ಹೊರಿಸಿ ಕಳಿಸಿದರು. ಮಾಮು ವರ್ಷಗಟ್ಟಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಮ್ಮಿ ತವರಿಗೆ ಹೋಗಿ ಬರುತ್ತಿದ್ದಳು, ಅಣ್ಣನೊಡನೆ ಮಾತೂ ಆಡುತ್ತಿದ್ದಳು. ಆದರೆ ಅವಳ ಕೈಯಡುಗೆ ಅವಳ ಮನೆಯಲ್ಲಿ ಕೂತು ಅವರು ಉಂಡಿರಲಿಲ್ಲ. ಆ ಒಂದು ಮಾತು ಬಂದರೆ ಸಾಕು, ಅಮ್ಮಿ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದಳು.

ಅಬ್ಬಾ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಊರಿಗೆ ಅವರು ಮಾಡಿದ್ದು ಸಣ್ಣದಲ್ಲ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಕಡೆಯಿಂದ, ಅರಕೇರಾದ ಸುತ್ತಮುತ್ತಲಿಂದ, ಜನ ಕೆಲಸ ಹುಡುಕಿಕೊಂಡು ಗುಳೆ ಹೋಗುತ್ತಿದ್ದರು. ಜೊತೆಗೆ ಹೋದ ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತಿತ್ತು. ಅಬ್ಬಾ ಗಿರಣಿಯ ಹಿಂದಿನ ಹಳೆಯ ಗೋದಾಮಿಗೆ ಸುಣ್ಣ ಹೊಡೆಸಿ, ಚಾಪೆ ಹಾಸಿ, ಆ ಮಕ್ಕಳಿಗೆ ಬೋರ್ಡಿಂಗ್ ಮಾಡಿದರು. ಯಾವ ಜಾತಿ, ಯಾವ ಧರ್ಮ ಎಂದು ಕೇಳಲಿಲ್ಲ. ಅಡುಗೆಗೆ ಕುರಿ ಕಾಯುವ ಮನೆತನದ ಒಬ್ಬ ಗಟ್ಟಿ ಹೆಂಗಸನ್ನು ಇಟ್ಟರು. ಅಲ್ಲಿಗೆ ಮಾತ್ರ ಇಡೀ ಅಕ್ಕಿಯೇ ಹೋಗಬೇಕೆಂಬುದು ಅವರ ಹಟ. ಮಧ್ಯಾಹ್ನ ತಾವೂ ಹೋಗಿ ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣುತ್ತಿದ್ದರು. ಊರೆಲ್ಲ ಅದನ್ನು ಹೊಗಳುತ್ತಿತ್ತು. ಬೆಳಿಗ್ಗೆ ಅವರಿಗೆ ಬರೀ ಚಹಾ, ರಾತ್ರಿ ಜೋಳದ ರೊಟ್ಟಿ. ಹೀಗಾಗಿ ಮನೆಯ ನುಚ್ಚಿಗೂ ಅವರ ನಾಲಿಗೆಗೂ ಭೇಟಿಯೇ ಇರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ, ಅವರಿಗೆ ಇನ್ನೂ ತಡವಾಗಿ.

ಆ ಬೋರ್ಡಿಂಗಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮಕ್ಕಳನ್ನು ಬಿಟ್ಟು ಹೋಗುವವರು ಮಗು ಮೊದಲ ಊಟ ಉಣ್ಣುವುದನ್ನು ಕಣ್ಣಾರೆ ಕಂಡ ಮೇಲೆಯೇ ಲಾರಿ ಹತ್ತುತ್ತಿದ್ದರು. ತಾಯಂದಿರು ಗೋಡೆಗೆ ಒರಗಿ ಸಾಲಾಗಿ ನಿಲ್ಲುತ್ತಿದ್ದರು. ಅವರ ನೋಟ ಮಗುವಿನ ಮುಖದ ಮೇಲಲ್ಲ, ತಾಟಿನ ಮೇಲೆ. ಆಮೇಲೆ ಅವರಿಗೂ ಅಲ್ಲೇ ಊಟ. ಹೊಟ್ಟೆ ತುಂಬದೆ ಯಾರೂ ಲಾರಿ ಹತ್ತಬಾರದು ಎಂದು ಅಬ್ಬಾನ ಅಪ್ಪಣೆ ಇತ್ತು.

ಎಂಬತ್ತರ ದಶಕ ಶುರುವಾಗಿತ್ತು. ಉದ್ಯಮ ಬೆಳೆಸಿ ಸಮಾಜಕ್ಕೂ ಕೊಟ್ಟವರನ್ನು ಜಿಲ್ಲೆಯ ವರ್ತಕರು ರಾಯಚೂರಿನಲ್ಲಿ ಸನ್ಮಾನಿಸುತ್ತಾರೆ, ಅವರಲ್ಲಿ ಅಬ್ಬಾನೂ ಒಬ್ಬರು ಎಂದು ಸುದ್ದಿ ಬಂತು. ಅಬ್ಬಾ ಹೊಸ ಶೇರವಾನಿ ಹೊಲಿಸಿ, ಕನ್ನಡಿಯ ಮುಂದೆ ಭಾಷಣ ಹೇಳಿಕೊಂಡು ಓಡಾಡಿದರು. ನಾನಾಗ ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಹೆಂಗಸರು ಸಭೆಗೆ ಬರುವ ರೂಢಿ ಇರಲಿಲ್ಲ, ಅಮ್ಮಿ ಕೇಳಲೂ ಇಲ್ಲ. ಅವಳು ಕೇಳಿದ್ದು ಬೇರೆ. ಸಭೆ ಮುಗಿದ ಮೇಲೆ ಊಟ ನಮ್ಮ ಮನೆಯಲ್ಲಿ ಆಗಬೇಕು, ಬಿರಿಯಾನಿ ಅವಳೇ ಮಾಡಬೇಕು, ಅಣ್ಣ ಬರಬೇಕು. ಅಬ್ಬಾ ಒಪ್ಪಿ, ತಾವೇ ಮಾಮುವಿನ ಅಂಗಡಿಗೆ ಹೋಗಿ ಕರೆದರು. ಮಾಮು ಬರುತ್ತೇನೆಂದರು. ಅಂದು ಸಂಜೆ ಅಮ್ಮಿ ಮನೆಯೆಲ್ಲ ಎರಡೆರಡು ಸಲ ಗುಡಿಸಿದಳು.

ಗಿರಣಿಯಿಂದ ವರ್ಷ ಹಳೆಯ ಸಣ್ಣಕ್ಕಿಯ ಚೀಲ ಬಂತು. ಅಮ್ಮಿ ಅದನ್ನು ಮೊರದಲ್ಲಿ ಹಾಕಿಕೊಂಡು ಆರಿಸುತ್ತಿದ್ದಳು, ಆರಿಸಲು ಏನೂ ಇಲ್ಲದಿದ್ದರೂ. ಮುಷ್ಟಿ ತುಂಬ ಎತ್ತಿ ಮೂಸುತ್ತಿದ್ದಳು. ಈದಿಗೂ ಅವಳನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿರಲಿಲ್ಲ.

ಸನ್ಮಾನದ ದಿನ ಬೆಳಿಗ್ಗೆ ಗಿರಣಿಗೆ ರಜೆ. ಹಮಾಲರು, ಲೆಕ್ಕ ಬರೆಯುವ ಮುನೀಮರು, ಬಜಾರಿನ ಅಂಗಡಿಯವರು ಎಲ್ಲರೂ ಜೈಕಾರ ಹಾಕುತ್ತ ಬಸ್ಸಿನಲ್ಲಿ, ಜೀಪಿನಲ್ಲಿ ರಾಯಚೂರಿಗೆ ಹೊರಟರು. ಬಜಾರ್ ಬಣಬಣ. ನಾವು ಮಟನ್‌ಗೆ ಮಸಾಲೆ ಹಚ್ಚಿ ಇಟ್ಟು, ಅಕ್ಕಿ ತೊಳೆಯಬೇಕು ಅನ್ನುವಷ್ಟರಲ್ಲಿ ಬೋರ್ಡಿಂಗಿನ ಅಡುಗೆಯವಳು ಏದುಸಿರು ಬಿಡುತ್ತ ಬಂದಳು.

“ಯವ್ವಾ, ನಾಳಿ ಬರ್ತೀವಿ ಅಂದಿದ್ದ ಅರಕೇರಾದ ಮಂದಿ ಇವತ್ತ ಬಂದುಬಿಟ್ಟಾರ. ಹುಡುಗ್ರು ಅದಾವ, ದೊಡ್ಡವರೂ ಅದಾರ. ಬೋರ್ಡಿಂಗಿನ್ಯಾಗ ಅಕ್ಕಿ ಮುಗದದ. ಗೋದಾಮಿಗಿ ಕೀಲಿ ಹಾಕ್ಯಾರ, ಕೀಲಿಕೈ ಮುನೀಮರ ಕಿಸೇದಾಗ ರಾಯಚೂರಿಗಿ ಹೋಗ್ಯದ.”

ಅನ್ನದಾತನಿಗೆ ಹಾರ ಹಾಕಲು ಎಲ್ಲರೂ ಹೋದರು, ಅನ್ನಕ್ಕೆ ಬೀಗ ಹಾಕಿಕೊಂಡು ಹೋದರು! ಕೊಳ್ಳೋಣವೆಂದರೆ ಅಂಗಡಿ ಮುಚ್ಚಿವೆ. ನೆರೆಯವರ ಮನೆಯಲ್ಲಿ ಜೋಳ ಸಿಕ್ಕೀತು, ಅಷ್ಟು ಜನಕ್ಕೆ ಸಾಲುವ ಅಕ್ಕಿ ಎಲ್ಲಿಂದ ಸಿಗಬೇಕು? ಅಡುಗೆಯವಳೇ ದಾರಿ ಹೇಳಿದಳು.

“ನಿಮ್ಮ ಮನ್ಯಾಗ ನುಚ್ಚು ಇದ್ರ ಕೊಡ್ರಿ ಯವ್ವಾ. ನಮ್ಮ ಹುಡುಗ್ರು ಕಣ್ಣಿಗಿ ಒತ್ತಿಕೊಂಡು ಉಣ್ತಾವ.”

ನುಚ್ಚು ಡಬ್ಬಿ ತುಂಬ ಇತ್ತು. ನಾನು ಕೂಡಲೇ ಡಬ್ಬಿ ಎಳೆದೆ. ಅಮ್ಮಿ ನನ್ನ ಕೈ ಹಿಡಿದಳು.

“ಲಾರಿ ಯಾವಾಗ ಹೊಂಡತದ?” ಎಂದು ಅಡುಗೆಯವಳನ್ನು ಕೇಳಿದಳು.

“ಹುಡುಗ್ರು ಉಂಡ ಮ್ಯಾಲ್ರಿ. ನೋಡದ ಹೊರತು ತಾಯಂದ್ರು ಹತ್ತಂಗಿಲ್ಲ, ನಿಮಗ ಗೊತ್ತದಲ್ರಿ.”

ಅಮ್ಮಿ ಸಣ್ಣಕ್ಕಿಯ ಚೀಲದ ಬಾಯಿ ಕಟ್ಟಿದಳು. ಆಮೇಲೆ ಅದನ್ನು ಅಡುಗೆಯವಳ ಕಡೆ ತಳ್ಳಿದಳು.

“ಇದನ್ನ ಒಯ್ಯಿ. ಮಗಳ ತಾಟಿನ್ಯಾಗ ನುಚ್ಚು ನೋಡಿ ಬಸ್ ಹತ್ತಿದ ತಾಯೀನ್ನ ನಾ ಕಂಡೀನಿ. ಇನ್ನೊಮ್ಮಿ ಕಾಣೂದು ಬ್ಯಾಡ.”

ನಾನು ಕೂಗಾಡಿದೆ. ಮಾಮು ಬರುವ ದಿನವೇ ಆಗಬೇಕಿತ್ತೇ, ಆ ಮಕ್ಕಳು ಒಂದು ಹೊತ್ತು ನುಚ್ಚು ಉಂಡರೆ ಯಾರ ಗಂಟು ಹೋಗುತ್ತಿತ್ತು ಎಂದೆ. ಅಮ್ಮಿ ಚೀಲ ಬಾಗಿಲು ದಾಟುವವರೆಗೂ ನೋಡಿದಳು, ಕಣ್ಣು ಒರೆಸಿಕೊಂಡಳು, ನುಚ್ಚು ತೊಳೆಯಲು ಕೂತಳು. ಬಿರಿಯಾನಿಗೆಂದು ನೆನೆದ ಮಟನ್ ಸಾಲ್ನ, ಅಂದರೆ ಸಾರು, ಆಯಿತು. ನುಚ್ಚಿಗೆ ಮಸೂರ್ ಬೇಳೆ ಹಾಕಿ ಖಿಚಡಿ, ಜೊತೆಗೆ ಹುಣಸೆಹಣ್ಣಿನ ಹುಳಿಸಾರು ಖಟ್ಟಾ. ಮನೆಯಲ್ಲಿ ನಾವು ಬೆಳಿಗ್ಗೆ ತಿನ್ನುವ ತಿಂಡಿ, ಸನ್ಮಾನದ ಔತಣವಾಯಿತು.

ಬಿಸಿಲು ಇಳಿಯುವ ಮುಂಚೆ ಜೀಪುಗಳು ಬಂದವು. ಅಬ್ಬಾನ ಹೆಗಲ ಮೇಲೆ ಜರಿ ಶಾಲು. ಹಿಂದೆ ವರ್ತಕರು, ಅಧಿಕಾರಿಗಳು, ಅವರ ನಡುವೆ ಬಿಳಿ ಗಡ್ಡದ ಮಾಮು. ಊಟದ ಹಾಸುಬಟ್ಟೆ ದಸ್ತರ್‌ಖಾನ್ ಹಾಸಿ ಎಲ್ಲರನ್ನೂ ಕೂರಿಸಿ ತಾಟು ಕಳಿಸಿದೆವು. ಅಬ್ಬಾ ಸೀದಾ ಅಡುಗೆಮನೆಗೆ ಬಂದರು, ಮುಖ ಕೆಂಪಾಗಿತ್ತು.

“ಬಿರಿಯಾನಿ ಎಲ್ಲಿ? ದೊಡ್ಡ ಮಂದಿ ಮುಂದ ನುಚ್ಚು ಇಟ್ಟು ನನ್ನ ಇಜ್ಜತ್ ತೆಗದಿ!”

ಮನೆಯಲ್ಲಿ ನಮ್ಮ ಮಾತು ದಖ್ಖನಿ ಉರ್ದು. ಅಬ್ಬಾ ಅಂದದ್ದೂ ದಖ್ಖನಿಯಲ್ಲೇ. ಆದರೆ ಅಮ್ಮಿಗೆ ನಿಜವಾದ ಸಿಟ್ಟು ಬಂದರೆ ಕಣದ ಹೆಂಗಸರಿಂದ ಕಲಿತ ಕನ್ನಡಕ್ಕೆ ಇಳಿಯುತ್ತಿದ್ದಳು. ಅಂದು ಇಳಿದಳು.

“ಲಗ್ನ ಆಗಿ ಬಂದಾಗಿಂದ ನಾ ಇದನ್ನ ಉಣ್ಣಾಕತ್ತೀನಿ. ನನ್ನ ಇಜ್ಜತ್ ಒಮ್ಮಿನೂ ಹೋಗಲಿಲ್ಲೇನು? ನಿಮಗ ಒಂದ ಹೊತ್ತಿಗೆ ಹೋತು?”

 ಅಕ್ಕಿ ಎಲ್ಲಿ ಹೋಯಿತೆಂದು ನಾನೇ ಹೇಳಿದೆ, ಕೀಲಿಕೈಯ ಕಥೆಯನ್ನೂ ಸೇರಿಸಿ, ಮೆಲ್ಲಗೇನೂ ಅಲ್ಲ. ಅಬ್ಬಾ ಹೊರಗೆ ಹೋಗಿ ಅತಿಥಿಗಳಿಗೆ ಅದನ್ನೇ ತಿಳಿಸಿದರು. ಅಕ್ಕಿ ಬೋರ್ಡಿಂಗಿನ ಮಕ್ಕಳಿಗೆ ಹೋಗಿದೆ, ಮನೆಯಲ್ಲಿ ಇದ್ದದ್ದು ಇಷ್ಟೇ ಎಂದರು. ಆಗ ಏನಾಯಿತು ಗೊತ್ತೇ? ಅತಿಥಿಗಳು ಚಪ್ಪಾಳೆ ಹೊಡೆದರು! “ಎಂಥ ದಾನಿಗಳ್ರೀ ನೀವು, ಸನ್ಮಾನದ ದಿನಾನೂ ಬಿಡಲಿಲ್ಲ” ಎಂದು ಅಬ್ಬಾನ ಕೈ ಹಿಡಿದು ಕುಲುಕಿದರು. ಪರದೆಯ ಹಿಂದೆ ನಿಂತ ನನಗೆ ಸಾಲ್ನದ ಪಾತ್ರೆ ಎತ್ತಿ ಎಸೆಯಬೇಕೆನಿಸಿತು.

ಮಾಮು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ತಾಟು ಕೈಯಲ್ಲಿ ಹಿಡಿದು ಎದ್ದು, ಹೊರಗಿನ ಗಂಡಸರು ಬಾರದ ಅಡುಗೆಮನೆಗೆ ಬಂದು, ತಂಗಿಯ ಮುಂದೆ ಹಿಡಿದರು.

“ಇನ್ನಷ್ಟು ಹಾಕು. ಬೇಕು ನನಗ.”

ಅಮ್ಮಿ ಸೌಟು ಎತ್ತಿದಳು. “ಇದನ್ನ ನೋಡಿ ಅಮ್ಮಾ ಅಳಕೋತ ಹೋದ್ಲು,” ಎಂದಳು.

“ಅಮ್ಮಾ ನುಚ್ಚಿಗಿ ಅಳಲಿಲ್ಲ ಹುಚ್ಚಿ,” ಮಾಮು ಅಂದರು. “ಮನಿ ತುಂಬ ಮಂದಿ ಇದ್ರೂ ನಿನ್ನ ತಾಟಿನ್ಯಾಗ ಏನದ ಅಂತ ಒಬ್ಬರೂ ನೋಡಲಿಲ್ಲ ಅಂತ ಅತ್ಲು. ಸಾಯೂತನಕ ಅದನ್ನ ಅಂತಿದ್ಲು.”

ಅಬ್ಬಾ ಮಾಮುವಿನ ಹಿಂದೆಯೇ ಬಂದಿದ್ದರು. ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಭಾಷಣ ಮಾಡಿ ಬಂದವರು ಒಂದೇ ಮಾತು ಅಂದರು.

“ನಾಳಿಯಿಂದ ಮನಿಗೂ ಇಡೀ ಅಕ್ಕಿ ಕಳಸ್ತೀನಿ.”

ಅಮ್ಮಿ ಈಗ ಬೇಡವೆನ್ನುತ್ತಾಳೆ, ರೂಢಿಯಾಗಿದೆ ಬಿಡಿ ಎನ್ನುತ್ತಾಳೆ, ಎಲ್ಲರೂ ಅವಳನ್ನು ಮಹಾತಾಯಿ ಎನ್ನುತ್ತಾರೆ ಎಂದು ನಾನು ಹಲ್ಲು ಕಚ್ಚಿದೆ.

“ನಾಳಿ ಯಾಕ?” ಅಂದಳು ಅಮ್ಮಿ. “ಮುನೀಮರು ಬಂದಾರಲ್ಲ. ಇವತ್ತ ಕಳಸ್ರಿ. ಅಣ್ಣಾ, ನೀ ರಾತ್ರಿ ಉಂಡ ಹೋಗು.”

ಅತಿಥಿಗಳು ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಅಕ್ಕಿ ಬಂತು. ಅಮ್ಮಿ ಬರೀ ಅನ್ನ ಮಾಡಿದಳು, ಉಳಿದ ಸಾಲ್ನ ಬಿಸಿ ಮಾಡಿದಳು. ಬಡಿಸಲು ನಿಂತಾಗ ಅಬ್ಬಾ ಅವಳ ಕೈಯಿಂದ ಸೌಟು ತೆಗೆದುಕೊಂಡು, ಅಣ್ಣನ ಪಕ್ಕ ಕೂರಲು ಹೇಳಿದರು. ಅಮ್ಮಿ ಕೂತಳು. ಅವಳು ಯಾರ ಜೊತೆಗಾದರೂ ಸಾಲಿನಲ್ಲಿ ಕೂತು ಉಂಡದ್ದನ್ನು ನಾನು ಆ ಮನೆಯಲ್ಲಿ ಮೊದಲ ಸಲ ನೋಡಿದೆ. ಅಬ್ಬಾನಿಗೆ ಬಡಿಸಿ ಗೊತ್ತಿರಲಿಲ್ಲ. ಅರ್ಧ ಅನ್ನ ತಾಟಿಗೆ, ಅರ್ಧ ಹೊರಗೆ.

“ಚೆಲ್ಲಬ್ಯಾಡ್ರೀ, ಇಡೀ ಅಕ್ಕಿ ಅದ!” ಎಂದು ಅಮ್ಮಿ ಗದರಿದಳು. ಗದರಿದವಳು ಚೆಲ್ಲಿದ ಅಗುಳನ್ನು ಆರಿಸಿ ಆರಿಸಿ ತಾಟಿಗೆ ಹಾಕಿಕೊಂಡಳು, ಬಾಯಿಗಿಟ್ಟಳು, ಅಣ್ಣನ ಮುಖ ನೋಡಿ ನಕ್ಕಳು, ನಗುತ್ತ ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಅಬ್ಬಾ ಸೌಟು ಹಿಡಿದು ಅವಳ ತಾಟನ್ನೇ ನೋಡುತ್ತ ನಿಂತಿದ್ದರು.